ಪಿಟ್ ಗೋಡೆಯ ಬಳಿ ನಿಂತವರು

ಪಿಕಪ್ ಟ್ರಕ್ಕುಗಳನ್ನು ರೇಸಿಗೆ ಓಡಿಸುತ್ತಾರೆ ಎಂಬುದನ್ನು ನನ್ನ ಹೆಂಡತಿ ಮೊದಮೊದಲು ನಂಬಿರಲಿಲ್ಲ. ಧಾರವಾಡದ ಕಡೆ ಅವಳು ಕಂಡ ಪಿಕಪ್ ಗಾಡಿಗಳು ಉಳ್ಳಾಗಡ್ಡಿ ಚೀಲ, ಮದುವೆಯ ಪಾತ್ರೆ, ಒಮ್ಮೊಮ್ಮೆ ಎಮ್ಮೆಯನ್ನೂ ಹೊರುತ್ತಿದ್ದವು. "ಸಾಮಾನ ಹೇರೂದಿಲ್ಲಂದ್ರ ಹಿಂದ ಅಷ್ಟ ಜಾಗಾ ಯಾಕ ಬಿಟ್ಟಾರ?" ಎಂದು ಮಗಳನ್ನು ಕೇಳಿದ್ದಳು. "ಗಾಳಿ ಹೇರಲಿಕ್ಕೆ, ಅವ್ವಾ" ಎಂದು ಮಗಳು ಉತ್ತರ ಕೊಟ್ಟಿದ್ದಳು. ಉತ್ತರ ಕೊಟ್ಟವನು ನಾನೇ ಇದ್ದರೂ ಇರಬಹುದು. ಮಗಳನ್ನು ಕೇಳಿದರೆ ಅಂಥ ಮಾತೇ ಆಗಿಲ್ಲ ಎನ್ನುತ್ತಾಳೆ.

ಆ ಗಾಡಿಗಳು ಹೊರನೋಟಕ್ಕೆ ಮಾತ್ರ ಪಿಕಪ್. ಫೈಬರಿನ ತೆಳು ಹೊದಿಕೆಯೊಳಗೆ ಉಕ್ಕಿನ ಕೊಳವೆಗಳ ಪಂಜರ, ಒಂದೇ ಸೀಟು, ಹಿಂದೆ ಏನನ್ನೂ ಹೊರದ ತೊಟ್ಟಿ. ಎಲ್ಲರ ಎಂಜಿನ್ನೂ ಒಂದೇ ಬಗೆಯದು. ಆದ್ದರಿಂದ ಯಾರೂ ಯಾರನ್ನೂ ಸುಲಭವಾಗಿ ಹಿಂದಿಕ್ಕಲಾರರು. ಒಬ್ಬರ ಬೆನ್ನಿಗೆ ಇನ್ನೊಬ್ಬರ ಮೂತಿ ತಾಗಿಸಿಕೊಂಡು ಹಿಂಡಾಗಿ ಓಡುತ್ತಾರೆ. ನನ್ನ ಮಗಳು ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಅಂಥ ಹಳೆಯದೊಂದು ಟ್ರಕ್ಕನ್ನು ಕೊಂಡು, ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಕೆಲವು ವರ್ಷಗಳಿಂದ ಓಡಿಸುತ್ತಿದ್ದಳು.

ಹೆಂಡತಿ ಹಾರ್ಬೋರ್ನ್ ಬಳಿಯ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ನಂಬದಿದ್ದವಳೇ ಆಮೇಲೆ ರೇಸಿನ ಭಾನುವಾರಗಳಿಗಾಗಿ ತನ್ನ ಆಸ್ಪತ್ರೆಯ ಪಾಳಿ ಬದಲಾಯಿಸಿಕೊಂಡು ಮಗಳ ಜೊತೆ ಹೋಗತೊಡಗಿದಳು. ಟ್ರ್ಯಾಕಿನ ನೇರ ಭಾಗದ ಅಂಚಿಗೆ ಎದೆಮಟ್ಟದ ಗೋಡೆ ಇರುತ್ತದೆ. ಅದಕ್ಕೆ ಪಿಟ್ ಗೋಡೆ ಎನ್ನುತ್ತಾರೆ. ಪ್ರತಿ ಸುತ್ತಿಗೂ ಅಲ್ಲಿಂದ ಒಂದು ಕಪ್ಪು ಫಲಕ ಎತ್ತಿ, ನೀನು ಎಷ್ಟನೆಯವಳು, ಇನ್ನೆಷ್ಟು ಸುತ್ತು ಉಳಿದಿದೆ ಎಂದು ತೋರಿಸಬೇಕು. ಕಿವಿಯೊಳಗೆ ರೇಡಿಯೊ ಮಾತಾಡುವುದು ಮಗಳಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಫಲಕ ಹಿಡಿಯುವ ಕೆಲಸ ಅವ್ವನದಾಯಿತು.

ನಾನು ಹೋಗುತ್ತಿರಲಿಲ್ಲ. ಒಂದು ಯಂತ್ರ ತೋರಿಸಿದ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಲೆಕ್ಕ ಹಾಕುವುದು ನಾನು ಕಲಿತ ಮತ್ತು ಕಲಿಸಿದ ವಿದ್ಯೆ. ಅದನ್ನು ಹೊತ್ತುಕೊಂಡು ಬೀಸ್ಟನ್, ಲೀಡ್ಸ್, ಮ್ಯಾಂಚೆಸ್ಟರ್ ಎಂದು ವಿಶ್ವವಿದ್ಯಾಲಯಗಳನ್ನು ಸುತ್ತಿದ್ದೇನೆ. ಹಾರ್ಬೋರ್ನಿನಲ್ಲಿ ನೆಲೆ ನಿಂತವಳು ಹೆಂಡತಿ, ನಾನು ಅವಳಿದ್ದ ಮನೆಗೆ ವಾರದ ಕೊನೆಗೆ ಬಂದು ಹೋದವನು. ರೇಸಿಗೆ ಹೋದದ್ದು ಒಂದೇ ಸಲ, ಹೋದ ವರ್ಷ, ಸೀಸನ್ನಿನ ಮೊದಲನೆಯದಕ್ಕೆ. ತಂಡಗಳು ಗಾಡಿ ನಿಲ್ಲಿಸಿಕೊಳ್ಳುವ ಪಿಟ್ಟಿನೊಳಗೆ ಬಿಡುವ ಚೀಟಿ ನನಗೆ ಸಿಕ್ಕಿರಲಿಲ್ಲ. ಟ್ರ್ಯಾಕಿನ ಆಚೆ ಬದಿಯ ಹುಲ್ಲು ದಿಬ್ಬದ ಮೇಲೆ ಚಹಾ ಹಿಡಿದು ನಿಂತು ನೋಡಿದೆ. ಅಂದು ಆಲಿಕಲ್ಲು ಬಿದ್ದಿತ್ತು ಎಂದು ನನ್ನ ನೆನಪು. ಬಿಸಿಲಿತ್ತು ಎಂದು ಮಗಳದು.

ನವೆಂಬರಿನಲ್ಲಿ ಹೆಂಡತಿ ತೀರಿಕೊಂಡಳು. ಕಾಯಿಲೆ ಬಹಳ ದಿನ ಕಾಡಲಿಲ್ಲ.

ಮಣ್ಣು ಮಾಡಿ ಬಂದ ಮರುದಿನದಿಂದ ಮಗಳು ಲಿಂಗ ಕಟ್ಟಿಕೊಳ್ಳತೊಡಗಿದಳು. ಚಿಕ್ಕವಳಿದ್ದಾಗ ಒಂದು ಬೇಸಿಗೆ ಧಾರವಾಡಕ್ಕೆ ಹೋಗಿದ್ದಾಗ ಅವಳಿಗೆ ಲಿಂಗದೀಕ್ಷೆ ಆಗಿತ್ತು. ಆಮೇಲೆ ಅವಳ ಲಿಂಗ ಬೆಳ್ಳಿಯ ಕರಡಿಗೆಯಲ್ಲಿ, ದೇವರ ಗೂಡಿನಲ್ಲಿ, ಅವಳವ್ವನ ಪೂಜೆ ಹಂಚಿಕೊಂಡು ಇತ್ತು. ರೇಸಿನ ದಿನ ಮಾತ್ರ ಅವ್ವ ಅದನ್ನು ಜೊತೆಗೆ ಒಯ್ಯುತ್ತಿದ್ದಳು. "ನಿಂದೂ ತಂದೀನಿ" ಎಂದಷ್ಟೇ ಹೇಳುತ್ತಿದ್ದಳಂತೆ. ನಾನು ನನ್ನದನ್ನು ಕಾಲೇಜಿನ ದಿನಗಳಲ್ಲೇ ತೆಗೆದಿಟ್ಟವನು. ಆದ್ದರಿಂದ ಮಗಳ ಕೊರಳಲ್ಲಿ ಸರಪಳಿ ಕಂಡಾಗ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಇನ್ನೂ ಒಂದು ಬದಲಾವಣೆ ಇತ್ತು. ಅವಳ ಕನ್ನಡವೆಲ್ಲ ಅವ್ವನ ಜೊತೆಗೆ, ನನ್ನ ಜೊತೆ ಇಂಗ್ಲಿಷು ಎಂದು ಮೊದಲಿನಿಂದ ಹಂಚಿಕೆಯಾಗಿತ್ತು. ಈಗ ನನ್ನ ಜೊತೆಯೂ ಕನ್ನಡ ಆಡತೊಡಗಿದಳು. ಬೇರೆ ಯಾರೂ ಉಳಿದಿರಲಿಲ್ಲ.

ಟ್ರಕ್ಕು ಚಳಿಗಾಲವೆಲ್ಲ ಹೊದಿಕೆಯಡಿ ನಿಂತಿತ್ತು. ಮಾರ್ಚಿನಲ್ಲಿ ಅಭ್ಯಾಸದ ದಿನವೊಂದಕ್ಕೆ ಅದನ್ನು ಒಯ್ದಳು. ಒಂದು ಸುತ್ತು ಹೋಗಿ ಒಳಗೆ ಬಂದು ಎಂಜಿನ್ ಆರಿಸಿದವಳು ಮತ್ತೆ ಹೊರಡಲಿಲ್ಲ. ಆ ವಾರವೇ ಮನೆಗೆ ಬಂದು ಹೇಳಿದಳು.

"ಅಪ್ಪಾ, ಲೀಡ್ಸ್ ಕಡಿಂದ ಒಬ್ಬಾಂವ ಟ್ರಕ್ ಖರೀದಿಗೆ ಕೇಳ್ಯಾನ. ಓಪನಿಂಗ್ ರೌಂಡಿಗೆ ಟ್ರೈಲರ್ ತಗೊಂಡ ಬರ್ತಾನಂತ. ಅವತ್ತ ಎರಡ ರೇಸ್ ಅವ. ಎರಡೂ ಓಡಿಸ್ತೀನಿ. ಸಂಜಿಗೆ ನನಗ ಬೇಕು ಅನ್ನಿಸ್ತಂದ್ರ ಇಟ್ಕೋತೀನಿ. ಇಲ್ಲಂದ್ರ ಅಂವಾ ಒಯ್ತಾನ."

"ಬೇಕು ಅಂತ ಹೆಂಗ ಗೊತ್ತಾಗ್ತದ?"

"ನಿಂಗ ಎಲ್ಲಾದಕ್ಕೂ ಮೀಟರ್ ಬೇಕು" ಎಂದಳು. ಆಮೇಲೆ, "ಬೋರ್ಡ್ ಹಿಡೀಲಿಕ್ಕೆ ಯಾರಿಲ್ಲ. ಬರ್ತೀಯೇನ?"

ಹೋದೆ.

ಆ ಟ್ರ್ಯಾಕು ಯುದ್ಧಕಾಲದ ವಿಮಾನ ನಿಲ್ದಾಣವೊಂದರ ಮೇಲೆ ಕಟ್ಟಿದ್ದು. ಮರವಿಲ್ಲ, ಮರೆಯಿಲ್ಲ. ಏಪ್ರಿಲ್ ಬಂದಿದ್ದರೂ ಗಾಳಿ ಕೋಟಿನ ಗುಂಡಿಗಳ ಸಂದಿನಲ್ಲಿ ನುಗ್ಗುತ್ತಿತ್ತು. ಮಗಳಿಗೆ ಸಹಾಯಕ್ಕೆ ಬರುವ ಹಳೆಯ ಮೆಕ್ಯಾನಿಕ್ ನಮಗಿಂತ ಮೊದಲೇ ಬಂದು ಟಯರುಗಳನ್ನು ಜೋಡಿಸಿಟ್ಟಿದ್ದ. ಬರ್ಮಿಂಗ್‌ಹ್ಯಾಮಿನ ಕಾರು ಕಾರ್ಖಾನೆಯಿಂದ ನಿವೃತ್ತನಾದವನು, ದಪ್ಪ ಮೀಸೆಯವನು. ನನ್ನ ಕೈ ಕುಲುಕಿ, ಕೈ ಬಿಡದೆ ಸ್ವಲ್ಪ ಹೊತ್ತು ನಿಂತ. "ನಿಮ್ಮವರು ನನಗೆ ಪ್ರತಿ ಸಲ ಕಡಲೆಕಾಯಿ ಚಟ್ನಿ ತರ್ತಿದ್ರು" ಎಂದ. ನಾನೂ ತಂದಿದ್ದೇನೆ ಎಂದೆ. ಕೊಂಡು ತಂದದ್ದು ಎಂದು ಹೇಳಲಿಲ್ಲ.

ಲೀಡ್ಸಿನವನು ಖಾಲಿ ಟ್ರೈಲರನ್ನು ನಮ್ಮ ವ್ಯಾನಿನ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ. ಮರ್ಯಾದಸ್ತ. ಟ್ರಕ್ಕಿನ ಸುತ್ತ ಕೈ ಹಿಂದೆ ಕಟ್ಟಿಕೊಂಡು ಓಡಾಡಿದ, ಮುಟ್ಟಲಿಲ್ಲ. "ನಾನು ಅವಸರ ಮಾಡಲ್ಲ" ಎಂದು ಮಗಳಿಗೆ ಹೇಳಿದ. "ಆದ್ರೆ ಕತ್ತಲಾಗೋಕೆ ಮುಂಚೆ ಹೇಳಿಬಿಡು. ಮನೆಗೆ ದೂರ ಇದೆ."

ರೇಸಿಗೆ ಮುಂಚೆ ಗಾಡಿಯನ್ನೂ ಚಾಲಕರ ಉಡುಪನ್ನೂ ತಪಾಸಣೆ ಮಾಡುತ್ತಾರೆ. ಬಂದವಳು ನನ್ನ ವಯಸ್ಸಿನ ಹೆಂಗಸು, ಉಣ್ಣೆಯ ಟೋಪಿ, ಹೆಗಲಿಗೆ ಟಾರ್ಚು. ಪಂಜರದ ಕೊಳವೆ, ಬೆಲ್ಟು, ಬೆಂಕಿ ಆರಿಸುವ ಸಿಲಿಂಡರು ಎಲ್ಲ ನೋಡಿ ಮುಗಿಸಿ, ಮಗಳ ಬೆಂಕಿನಿರೋಧಕ ಅಂಗಿಯ ಕತ್ತಿನ ಬಳಿ ಟಾರ್ಚು ಬಿಟ್ಟಳು.

"ಕೊರಳಲ್ಲಿ ಏನದು, ಲವ್?" ಇಲ್ಲಿಯವರು ಗುರುತಿಲ್ಲದವರನ್ನೂ ಹಾಗೇ ಕರೆಯುತ್ತಾರೆ.

ಮಗಳ ಕೈ ಕತ್ತಿನ ಬಳಿ ಹೋಯಿತು. ಏನೋ ಉಪಕಾರ ಮಾಡುವವನಂತೆ ನಾನು ನಡುವೆ ಬಾಯಿ ಹಾಕಿದೆ. "ಅದು ಮೆಡಿಕಲ್" ಎಂದೆ.

"ಮೆಡಿಕಲ್ ಅಂದ್ರೆ?"

"ಎದೆಗೆ ಸಂಬಂಧಪಟ್ಟದ್ದು."

"ಎದೆಯ ತೊಂದರೆ ಇದ್ರೆ ಇವಳು ಈ ಗಾಡಿ ಹತ್ತೋ ಹಾಗೇ ಇಲ್ಲ."

"ಅಪ್ಪಾ, ನೀ ಸುಮ್ನ ಇರ್ತೀಯಾ?" ಎಂದಳು ಮಗಳು. ಮೆಕ್ಯಾನಿಕ್ ಆಚೆ ತಿರುಗಿ ನಕ್ಕ. ಮಗಳು ಸರಪಳಿ ಮೇಲೆಳೆದು ಬೆಳ್ಳಿಯ ಕರಡಿಗೆ ತೋರಿಸಿ, ಇದು ನಮ್ಮ ಧರ್ಮದ್ದು, ತೆಗೆಯುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ಕೆಟ್ಟದಾಗಿ ಏನೂ ಆಡಲಿಲ್ಲ. ಹಾಗಾದರೆ ಓಡಿಸುವಂತಿಲ್ಲ, ನಿಯಮ ನನ್ನದಲ್ಲ, ಗಾಡಿಗಳು ಓಟಕ್ಕೆ ಸಾಲು ನಿಲ್ಲುವ ಗ್ರಿಡ್ಡಿಗೆ ಹೋಗುವ ಮೊದಲು ಮತ್ತೆ ಬಂದು ನೋಡುತ್ತೇನೆ ಎಂದು ಮುಂದಿನ ಗಾಡಿಗೆ ಹೋದಳು.

ಮಗಳು ಟಯರಿನ ಮೇಲೆ ಕೂತಳು. ಲಿಂಗವನ್ನು ಮೈಯಿಂದ ಬೇರೆ ಮಾಡಬಾರದು. ನಂಬುವವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ನಮ್ಮ ಮನೆಗಳಲ್ಲಿ ಹುಟ್ಟಿದವರಿಗೆ ಹೇಳಬೇಕಿಲ್ಲ. ತೆಗೆದಿಟ್ಟ ನನಗೂ ಆ ಮಾತಿನ ಭಾರ ಗೊತ್ತಿತ್ತು. ಲೀಡ್ಸಿನವನು ತನ್ನ ಟ್ರೈಲರಿನ ಹಗ್ಗಗಳನ್ನು ಸರಿಮಾಡುತ್ತಿದ್ದ. ರೇಸ್ ಓಡದೆಯೇ ಸಂಜೆಯ ತೀರ್ಮಾನ ಆಗಿಹೋಗುವ ಹಾಗಿತ್ತು.

"ಅವ್ವ ಏನ್ ಮಾಡ್ತಿದ್ಲು ಅಪ್ಪಾ? ನಂದು ಆಕಿ ಹತ್ರನ ಇರ್ತಿತ್ತಲ್ಲ. ನಾ ಓಡಿಸೋ ಮುಂದ ಎಲ್ಲಿ ಇಟ್ಕೋತಿದ್ಲು? ನಾ ಒಳಗಿರ್ತಿದ್ದೆ, ನೋಡೇ ಇಲ್ಲ. ನೀ ನೋಡೀಯಲ್ಲ ಹ್ವಾದ ವರ್ಷ."

ನಾನು ಯೋಚಿಸಲೂ ಇಲ್ಲ. "ಎಡ ಅಂಗೈಯಾಗ" ಎಂದೆ. "ಪೂಜಿಗೆ ಹಿಡ್ಕೋತಾರಲ್ಲ, ಹಂಗ. ರೇಸ್ ಮುಗಿಯೂತನಕ."

ನನ್ನ ಕಣ್ಣ ಮುಂದೆ ಅದು ಅಷ್ಟು ಸ್ಪಷ್ಟವಾಗಿತ್ತು. ಅವಳ ಎಡ ಅಂಗೈ, ಒಳಗೆ ಬಾಗಿದ ಬೆರಳುಗಳು, ನಡುವೆ ಕರಿಯ ಲಿಂಗ. ಉಗುರಿನ ಅಂಚಿನ ಬಿಳುಪು ಕೂಡ ಕಾಣುತ್ತಿತ್ತು. ಬೇರೆಯವರು ಹೀಗೆ ಹೇಳಿದ್ದರೆ, ಎಷ್ಟು ದೂರದಿಂದ ನೋಡಿದಿರಿ ಎಂದು ಮೊದಲು ಕೇಳುತ್ತಿದ್ದೆ.

ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕರಡಿಗೆ ಬಿಚ್ಚಿ, ಲಿಂಗವನ್ನು ಹಣೆಗೆ ಒತ್ತಿಕೊಂಡು, ನನ್ನ ಎಡಗೈ ಹಿಡಿದು ಅದರಲ್ಲಿ ಇಟ್ಟಳು. ಅವಳ ಮೈಯ ಬಿಸಿ ಇನ್ನೂ ಅದರಲ್ಲಿತ್ತು. "ಅವ್ವ ಮಾಡಿದ್ಲಂದ್ರ ನಡೀತದ" ಎಂದಳು. ಅದು ನನಗೆ ಹೇಳಿದ್ದಲ್ಲ.

ಮೊದಲ ರೇಸಿಗೆ ನಾನು ಗೋಡೆಯ ಬಳಿ ಹೋಗಿ ನಿಂತೆ. ಎಡ ಮುಷ್ಟಿ ಕಟ್ಟಿತ್ತು. ಬಲಗೈಯಲ್ಲಿ ಫಲಕ. ಒಂದು ಸುತ್ತು ಸಾಲಾಗಿ ನಿಧಾನ ಬಂದ ಟ್ರಕ್ಕುಗಳು ದೀಪ ಬದಲಾದ ಕೂಡಲೆ ಒಟ್ಟಿಗೆ ಕೂಗಿಕೊಂಡು ನನ್ನ ಮುಂದೆ ಹಾದವು. ಗೋಡೆ ನಡುಗಿತು. ನಮ್ಮದು ನಡುವೆ ಎಲ್ಲೋ ಇತ್ತು.

ಅವು ತಿರುಗಿ ಬರುವಷ್ಟರಲ್ಲಿ ಫಲಕದಲ್ಲಿ ಅಂಕಿ ಸಿಕ್ಕಿಸಿ ಎತ್ತಬೇಕಿತ್ತು. ಅಂಕಿಗಳ ಹಾಳೆಯನ್ನು ಒಂದು ಕೈಯಲ್ಲಿ ಫಲಕ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಜಾರಿಸಬೇಕು. ನನಗೆ ಇದ್ದದ್ದು ಒಂದೇ ಕೈ. ಗೋಡೆಗೆ ಒರಗಿಸಿ, ಮೊಣಕಾಲಿನಿಂದ ಒತ್ತಿ ಹೇಗೋ ಸಿಕ್ಕಿಸಿದೆ. ಎತ್ತಿದ ಕೂಡಲೆ ಗಾಳಿ ಫಲಕವನ್ನು ಹಾಯಿಯಂತೆ ತಿರುಗಿಸಿತು. ಮಣಿಕಟ್ಟು ಸೊಟ್ಟಗಾಯಿತು. ಪಕ್ಕದಲ್ಲಿ ಇನ್ನೊಂದು ತಂಡದ ಫಲಕ ಹಿಡಿದಿದ್ದ ಹೆಂಗಸು ಚೀರಿದಳು. "ಎರಡೂ ಕೈಯಲ್ಲಿ ಹಿಡಿಯಪ್ಪಾ! ಯಾರ ತಲೆ ಒಡೀಬೇಕು ಅಂತಿದೀಯ?"

ಮಗಳ ಟ್ರಕ್ಕು ಹಾದುಹೋಯಿತು. ಅವಳಿಗೆ ನಾನು ತೋರಿಸಿದ್ದು ಫಲಕದ ಹಿಂಬದಿ.

ಮರುಸುತ್ತೂ ಹಾಗೇ ಆಯಿತು. ಆಗ ನನಗೆ ಹೊಳೆಯಿತು. ಹೊಳೆದದ್ದು ಹಿತವಾದದ್ದಲ್ಲ. ನನ್ನ ಹೆಂಡತಿ ನನಗಿಂತ ಗಿಡ್ಡಳು, ನನಗಿಂತ ತೆಳ್ಳಗಿನವಳು, ಇಂಥ ಗಾಳಿಯಲ್ಲಿ ವರ್ಷಗಟ್ಟಲೆ ಈ ಫಲಕ ಹಿಡಿದವಳು. ಎಡಗೈ ಮುಚ್ಚಿಕೊಂಡು ಹಿಡಿದಿರಲು ಸಾಧ್ಯವೇ ಇಲ್ಲ.

ಟ್ರ್ಯಾಕಿನಾಚೆ ನೋಡಿದೆ. ಹೋದ ವರ್ಷ ನಾನು ನಿಂತಿದ್ದ ದಿಬ್ಬ ಅಲ್ಲಿತ್ತು. ಜನ ನಿಂತಿದ್ದರು. ಗಂಡಸರೋ ಹೆಂಗಸರೋ ತಿಳಿಯದಷ್ಟು ದೂರ. ಕೈಗವಸು ಹಾಕಿದವರು ಯಾರು, ಬರಿಗೈಯವರು ಯಾರು ಎಂದು ಹೇಳುವುದು ಆಗದ ಮಾತು. ಅಲ್ಲಿಂದ ನಾನು ಒಂದು ಅಂಗೈಯನ್ನು, ಅದರೊಳಗಿನ ಲಿಂಗವನ್ನು, ಉಗುರಿನ ಬಿಳುಪನ್ನು ಕಂಡಿದ್ದೆ ಎಂದು ನನ್ನ ವಿದ್ಯಾರ್ಥಿ ಯಾರಾದರೂ ಬರೆದುಕೊಟ್ಟಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಹಾಗಾದರೆ ಆ ಕೈಯನ್ನು ಎಲ್ಲಿ ನೋಡಿದೆ ಎಂದು ಹುಡುಕಬೇಕಾಗಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅವಳು ಇದ್ದದ್ದನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಒಂದೇ ಸಲ. ನಮ್ಮಲ್ಲಿ ಮಣ್ಣು ಮಾಡುವಾಗ ಹಾಗೇ ಇಡುತ್ತಾರೆ.

ಲಿಂಗವನ್ನು ಸೊಂಟದ ಕೆಳಗೆ ಇಡಬಾರದು ಎಂಬುದು ಆ ಗದ್ದಲದಲ್ಲೂ ನೆನಪಿತ್ತು. ಪ್ಯಾಂಟಿನ ಜೇಬಿನತ್ತ ಹೋದ ಕೈ ತಾನೇ ಹಿಂದೆ ಬಂತು. ಕೋಟಿನ ಒಳಜೇಬಿನಲ್ಲಿ, ಎದೆಯ ಮೇಲೆ ಇಟ್ಟು ಗುಂಡಿ ಹಾಕಿದೆ. ಎರಡೂ ಕೈಯಲ್ಲಿ ಫಲಕ ಎತ್ತುವ ಹೊತ್ತಿಗೆ ಅರ್ಧ ರೇಸು ಮುಗಿದಿತ್ತು. ಮಗಳು ಹಿಂದೆ ಹಿಂದೆ ಜಾರಿದ್ದಳು. ಯಾರೂ ಅವಳನ್ನು ತಳ್ಳಿರಲಿಲ್ಲ. ತಿರುವುಗಳಲ್ಲಿ ಅವಳೇ ದಾರಿ ಬಿಡುತ್ತಿದ್ದಳು. ಕೊನೆಯಿಂದ ಎರಡನೆಯವಳಾಗಿ ಮುಗಿಸಿದಳು.

ಒಳಗೆ ಬಂದು ಹೆಲ್ಮೆಟ್ ತೆಗೆದವಳ ಮುಖ ಒಣಗಿತ್ತು. ಮೆಕ್ಯಾನಿಕ್ ಟಯರಿನ ಬಿಸಿ ನೋಡುವ ನೆಪದಲ್ಲಿ ಆಚೆ ಹೋದ. ಲೀಡ್ಸಿನವನು ಒಂದು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತ.

"ನೀ ಕಾಣ್ಲೇ ಇಲ್ಲ" ಎಂದಳು ಮಗಳು. "ಪ್ರತಿ ಸಲ ನೋಡ್ದೆ. ಗ್ವಾಡಿ ಮ್ಯಾಲೆ ಯಾರೂ ಇದ್ದಂಗ ಅನ್ನಿಸ್ಲಿಲ್ಲ."

ಒಳಜೇಬಿನಿಂದ ಲಿಂಗ ತೆಗೆದು ಅವಳ ಕೈಗೆ ಕೊಟ್ಟೆ. ಹೇಳದೆ ಬಿಡಬಹುದಿತ್ತು. ಇನ್ನೊಂದು ರೇಸು ಇತ್ತು, ನಾನು ಸುಮ್ಮನಿದ್ದಿದ್ದರೆ ಅವಳು ಮತ್ತೆ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಳು. ಅವಳು ನನ್ನ ಒಂದು ಮಾತಿನ ಮೇಲೆ ತೆಗೆದುಕೊಟ್ಟಿದ್ದಳು. ಆ ಮಾತು ಈಗ ನನಗೇ ನಂಬಿಕೆಯಿಲ್ಲದ್ದಾಗಿತ್ತು.

"ಮಗಳ, ನಾ ಹೇಳಿದ್ದು ಖರೇ ಅಲ್ಲ ಅನ್ನಿಸ್ತದ. ಅವ್ವ ಕೈಯಾಗ ಹಿಡೀತಿದ್ದಿಲ್ಲ. ಹಿಡೀಲಿಕ್ಕೆ ಆಗೂದೇ ಇಲ್ಲ."

"ನೀ ನೋಡೀನಿ ಅಂದಿ."

"ನೋಡೀನಿ. ಇಲ್ಲಲ್ಲ."

ಅವಳಿಗೆ ಸಿಟ್ಟು ಬಂತು. ಬರಬೇಕಾದದ್ದೇ. "ನೀ ಎಲ್ಲಾದಕ್ಕೂ 'ಇರಬಹುದು' ಅಂತೀಯಲ್ಲ ಅಪ್ಪಾ! ಚಾ ಬೇಕೇನಂದ್ರನೂ 'ಬೇಕಾಗಬಹುದು' ಅಂತೀ. ಇದೊಂದ ಮಾತಿಗೆ ಯಾಕ ಅಷ್ಟ ಖಾತ್ರಿಲೆ ಹೇಳಿದಿ?"

"ಕಣ್ಣ ಮುಂದ ಕಾಣ್ತಿತ್ತು. ಈಗೂ ಕಾಣ್ತದ. ಅದು ಅವತ್ತಿಂದು. ಅವ್ವಗ ಪೆಟ್ಟಿಗಿಯೊಳಗ…" ಎಡ ಅಂಗೈ ಚಾಚಿ ತೋರಿಸಿದೆ. "ಕೈಯಾಗ ಇಟ್ಟಿದ್ದು."

ಮಗಳು ಮತ್ತೆ ಟಯರಿನ ಮೇಲೆ ಕೂತಳು. ಲೌಡ್‌ಸ್ಪೀಕರಿನಲ್ಲಿ ಯಾರೋ ಮುಂದಿನ ರೇಸಿನ ಗಾಡಿಗಳನ್ನು ಕರೆಯುತ್ತಿದ್ದರು.

"ಯಾರು ಇಟ್ಟಿದ್ದು, ನೆನಪದ?" ಎಂದು ಕೇಳಿದಳು.

ನಾನು ನೋಡಲು ಪ್ರಯತ್ನಿಸಿದೆ. ಅಂಗೈ ಇತ್ತು, ಲಿಂಗ ಇತ್ತು. ಇಟ್ಟವರ ಕೈ ಇರಲಿಲ್ಲ. ಯಾರೋ ಹಿರಿಯರು ಇರಬೇಕು ಎಂದುಕೊಂಡೆ.

"ಇಲ್ಲ."

"ನಾ ಅಪ್ಪಾ. ಸ್ವಾಮಿಗೋಳು ಯಾರೂ ಸಿಕ್ಕಿರ್ಲಿಲ್ಲ. ದೊಡ್ಡವ್ವ ಧಾರವಾಡದಿಂದ ಫೋನಿನಾಗ ಹೇಳ್ತಿದ್ಲು, ನಾ ಮಾಡ್ತಿದ್ದೆ. ಅವ್ವನ ಬೆರಳು ಮಡಚಲಿಕ್ಕೆ ಬರ್ತಿರ್ಲಿಲ್ಲ. ಒಂದೊಂದ ಮಡಚಿ ಹಿಡ್ಕೊಂಡಿದ್ದೆ. ನೀ ಅಲ್ಲೇ ನಿಂತಿದ್ದಿ, ನನ್ನ ಎದುರಿಗೆ."

ನಾನು ಅಲ್ಲಿ ನಿಂತಿದ್ದೆ. ಅವಳು ಹೇಳಿದ ಮೇಲೆ ಒಂದು ಕೈ ಕಾಣತೊಡಗಿತು, ಗ್ರೀಸು ಪೂರ್ತಿ ಹೋಗದ ಉಗುರುಗಳ ಕೈ. ಆದರೆ ಅದು ಅಂದಿನ ನೆನಪೋ, ಆಗ ತಾನೇ ಕೈಗವಸು ತೆಗೆದು ನನ್ನ ಮುಂದೆ ಕೂತಿದ್ದವಳ ಕೈಯನ್ನೇ ನಾನು ಒಯ್ದು ಅಲ್ಲಿ ಕೂಡಿಸಿದ್ದೋ ಹೇಳಲಾರೆ. ಇಂದಿಗೂ ಹೇಳಲಾರೆ. ಮೂರು ಜನ ಇದ್ದ ಒಂದು ಕೋಣೆಯಿಂದ ನನ್ನ ಮಗಳನ್ನು ನಾನು ಅಳಿಸಿಬಿಟ್ಟಿದ್ದೆ ಎಂಬುದು ಮಾತ್ರ ಖಚಿತ.

ಅವಳು ಅತ್ತಳು. ಹೆಂಡತಿ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ನೋಡಿದ್ದೇನೆ ಎಂದುಕೊಂಡಿದ್ದೆ, ಅದೂ ಎಲ್ಲಿಯದೋ. ಭುಜದ ಮೇಲೆ ಕೈ ಇಟ್ಟೆ. ಬೆಂಕಿನಿರೋಧಕ ಬಟ್ಟೆ ದಪ್ಪ, ನನ್ನ ಕೈ ಅವಳಿಗೆ ತಿಳಿಯಿತೋ ಇಲ್ಲವೋ.

ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ಎದ್ದಳು. "ಇದನ್ನ ಇನ್ನೊಮ್ಮೆ ಯಾರ ಕೈಯಾಗೂ ಕೊಡೂದಿಲ್ಲ" ಎಂದಳು. ತಪಾಸಣೆಯ ಹೆಂಗಸನ್ನು ಹುಡುಕಿಕೊಂಡು ಹೊರಟಳು. ನಾನೂ ಹಿಂದೆ ಹೋದೆ. ಆ ಹೆಂಗಸು ಒಂದು ಗಾಡಿಯ ಕೆಳಗೆ ತಲೆ ಹಾಕಿದ್ದಳು.

"ನನ್ನ ಕೊರಳಲ್ಲಿರೋದ್ರಿಂದ ಏನು ತೊಂದರೆ? ಕಾರಣ ಹೇಳಿ" ಎಂದಳು ಮಗಳು.

ಹೆಂಗಸು ಹೊರಗೆ ಬಂದು ಮೊಣಕಾಲು ಒರೆಸಿಕೊಂಡಳು. "ಬೆಂಕಿ ಬಿದ್ರೆ ಲೋಹ ಕಾಯುತ್ತೆ. ಕಾದು ಚರ್ಮಕ್ಕೆ ಅಂಟುತ್ತೆ. ನೈಲಾನ್ ಆದ್ರೆ ಕರಗುತ್ತೆ. ಸರಪಳಿ ಅಂತೂ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತೆ. ನಾನು ನೋಡಿದೀನಿ, ಲವ್."

"ಬೆಳ್ಳಿ ಡಬ್ಬಿ, ಸರಪಳಿ ಎರಡೂ ಬಿಟ್ಟು ಬರ್ತೀನಿ. ಒಳಗಿರೋದು ಸಣ್ಣ ಕಲ್ಲು. ಹತ್ತಿ ಬಟ್ಟೇಲಿ ಸುತ್ತಿ, ಒಳ ಅಂಗಿಯ ಕೆಳಗೆ ಎದೆಗೆ ಚಪ್ಪಟೆಯಾಗಿ ಕಟ್ಟಿಕೊಂಡ್ರೆ? ಕುತ್ತಿಗೆಗೆ ಏನೂ ಇಲ್ಲ."

ಹೆಂಗಸು ಅಂಗೈ ಚಾಚಿದಳು. ಮಗಳು ಕೊಡಲಿಲ್ಲ, ತನ್ನ ಅಂಗೈಯಲ್ಲೇ ಇಟ್ಟು ತೋರಿಸಿದಳು. ಹೆಂಗಸು ಟಾರ್ಚು ಬಿಟ್ಟು ಬಗ್ಗಿ ನೋಡಿದಳು. "ಕಟ್ಟಿಕೊಂಡು ಬಾ, ನೋಡ್ತೀನಿ. ಬೆಲ್ಟಿನ ಕೆಳಗೆ ಮಾತ್ರ ಬರಬಾರದು" ಎಂದಳು.

ನಿಯಮ ಯಾಕೆ ಇದೆ ಎಂದು ಬೆಳಿಗ್ಗೆ ನಾನು ಕೇಳಿರಲಿಲ್ಲ. ಕೇಳುವುದೇ ನನ್ನ ಕಸುಬು.

ಹತ್ತಿ ಬಟ್ಟೆ ಬೇಕಿತ್ತು. ಇದ್ದದ್ದು ರೊಟ್ಟಿ ಸುತ್ತಿ ತಂದಿದ್ದ ಬಿಳಿ ಅರಿವೆ ಒಂದೇ. ರೊಟ್ಟಿಗಳನ್ನು ಮೆಕ್ಯಾನಿಕ್ಕಿನ ಕೈಗೆ ಕೊಟ್ಟು ಮಗಳು ಅರಿವೆಯನ್ನು ಕೊಡವಿದಳು.

"ಅವ್ವ ಇದ್ದಿದ್ರ ರೊಟ್ಟಿ ಅರಿವಿಲೆ ಲಿಂಗಾ ಕಟ್ಟತೀರೇನು ಅಂತ ಇಬ್ರಿಗೂ ಬೈತಿದ್ಲು."

"ಬೈತಿರಬಹುದು" ಎಂದೆ.

"'ಬಹುದು' ಅಲ್ಲಪ್ಪಾ. ಬೈತಿದ್ಲು."

ಕರಡಿಗೆ ಬರುವ ಮೊದಲು ನಮ್ಮ ಹಿಂದಿನವರು ಹೀಗೆ ಬಟ್ಟೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು. ನನ್ನ ಅಜ್ಜಿ ಕಟ್ಟಿಕೊಂಡಿದ್ದಳು ಎಂದು ಹೇಳಹೊರಟವನು ಬಾಯಿ ಮುಚ್ಚಿಕೊಂಡೆ. ನಿಜವಾಗಿ ನೋಡಿದ್ದೆನೋ ಇಲ್ಲವೋ. ಅರಿವೆಯನ್ನು ಉದ್ದಕ್ಕೆ ಹರಿದು, ಮಡಚಿ, ವ್ಯಾನಿನೊಳಗೆ ಹೋಗಿ ಕಟ್ಟಿಕೊಂಡು ಬಂದಳು. ಹೆಂಗಸು ಅಂಗಿಯ ಮೇಲಿನಿಂದ ತಟ್ಟಿ ನೋಡಿದಳು, ಬೆಲ್ಟು ಎಳೆದು ನೋಡಿದಳು. "ಹೋಗು" ಎಂದಳು. ಹೋಗುವ ಮುನ್ನ ನನ್ನ ಕಡೆ ತಿರುಗಿ, "ಎದೆ ಈಗ ಸರಿಯಾಗಿದೆಯಾ?" ಎಂದು ಕೇಳಿದಳು.

ಗ್ರಿಡ್ಡಿಗೆ ಹೊರಡುವ ಮುಂಚೆ ಸೀಟಿನಲ್ಲಿ ಕೂತು ಮಗಳು ನನ್ನನ್ನು ಕಿಟಕಿಯ ಬಲೆಯ ಹತ್ತಿರ ಕರೆದಳು. "ಬೋರ್ಡ್ ಚಂದಗೆ ಹಿಡಿ. ಅಷ್ಟ ಸಾಕು. ಅವ್ವನಂಗ ಮಾಡಲಿಕ್ಕೆ ಹೋಗಬ್ಯಾಡ."

ಎರಡನೆಯ ರೇಸು ಹಿಂದಿನ ಸಾಲಿನಿಂದ. ನಾನು ಫಲಕವನ್ನು ಎದೆಗೆ ಅವುಚಿಕೊಂಡು ಕಾದೆ. ಮೊದಲ ಸುತ್ತು ಮುಗಿದು ಹಿಂಡು ಬಂದಾಗ ಅವಳ ಮುಂದೆ ಹೋಗಿದ್ದ ಗಾಡಿಗಳನ್ನು ಎಣಿಸಿ ಸಿಕ್ಕಿಸಿ ಎತ್ತಿದೆ. ಪಕ್ಕದ ಹೆಂಗಸು, "ಈಗ ಮನುಷ್ಯನ ಹಾಗೆ ಹಿಡಿದಿದೀಯ" ಎಂದಳು. ಸುತ್ತಿನಿಂದ ಸುತ್ತಿಗೆ ಅಂಕಿ ಬದಲಾಯಿಸಬೇಕಾಗಿ ಬಂತು. ಅವಳು ದಾರಿ ಬಿಡುತ್ತಿರಲಿಲ್ಲ. ದೂರದ ತಿರುವಿನಲ್ಲಿ ಎರಡು ಟ್ರಕ್ಕುಗಳ ನಡುವಿನ ಸಂದಿನಲ್ಲಿ ಮೂತಿ ತೂರಿಸಿದಾಗ ನಾನು ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಅವಳು ಮುಂದಿದ್ದಳು. ಆ ಒಂದು ಕ್ಷಣ ನಾನು ನೋಡಲಿಲ್ಲ. ನೋಡಲಿಲ್ಲ ಎಂದೇ ಬರೆಯುತ್ತೇನೆ.

ಎಷ್ಟನೆಯವಳು ಎಂದು ತೋರಿಸುತ್ತಿದ್ದೆನೇ ಹೊರತು ಅವಳು ಏನು ತೀರ್ಮಾನ ಮಾಡುತ್ತಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ಚೆನ್ನಾಗಿ ಓಡಿಸಿದ ಮೇಲೂ ಕೊಟ್ಟುಬಿಡಬಹುದಿತ್ತು. ಇಷ್ಟೇ ಸಾಕಿತ್ತು, ಮುಗಿಸಿದೆ ಎನ್ನಬಹುದಿತ್ತು. ಕೊಟ್ಟರೆ ಭಾನುವಾರಗಳು ಏನಾಗುತ್ತವೆ, ಅವಳು ಹಾರ್ಬೋರ್ನಿಗೆ ಯಾವ ನೆವಕ್ಕೆ ಬರುತ್ತಾಳೆ, ನಾವು ಯಾವ ಭಾಷೆಯಲ್ಲಿ ಮಾತಾಡುತ್ತೇವೆ ಎಂದು ಗೋಡೆಯ ಬಳಿ ನಿಂತು ಯೋಚಿಸಿದೆ. ಕೊನೆಯ ಸುತ್ತಿನಲ್ಲಿ ಹಿಂದಿನವನು ಅವಳ ಬೆನ್ನಿಗೆ ಗುದ್ದಿದ. ಟ್ರಕ್ಕು ಅಡ್ಡ ತಿರುಗಿ, ಹುಲ್ಲು ಕಿತ್ತು, ಮತ್ತೆ ನೇರವಾಗಿ, ಬಾಲ ನೇತಾಡಿಸಿಕೊಂಡು ಗೆರೆ ದಾಟಿತು. ನಡುವೆ ಎಲ್ಲೋ ಒಂದು ಸ್ಥಾನ. ಬಹುಮಾನವಿಲ್ಲ.

ನಾನು ಫಲಕ ಹೊತ್ತುಕೊಂಡು ವ್ಯಾನಿನ ಬಳಿ ಬರುವಷ್ಟರಲ್ಲಿ ಅವಳು ಆಗಲೇ ನೆಲದ ಮೇಲಿದ್ದಳು. ಮುರಿದ ಹಿಂಬದಿಯ ಕೆಳಗೆ ಅಂಗಾತ ಮಲಗಿ ನಟ್ಟು ಬಿಚ್ಚುತ್ತ, ಗುದ್ದಿದವನಿಗೆ ಇಂಗ್ಲಿಷಿನಲ್ಲಿ ಬಯ್ಯುತ್ತಿದ್ದಳು. ಮೆಕ್ಯಾನಿಕ್ ರೊಟ್ಟಿ ಅಗಿಯುತ್ತ ಹೂಂಗುಟ್ಟುತ್ತಿದ್ದ. ಫೈಬರು ಉದ್ದಕ್ಕೆ ಬಿರಿದಿತ್ತು.

ಲೀಡ್ಸಿನವನು ನನ್ನ ಪಕ್ಕ ಬಂದು ನಿಂತು ಸ್ವಲ್ಪ ಹೊತ್ತು ನೋಡಿದ. "ಅಲ್ಲಿ ಒಳಗಿನ ಬ್ರ್ಯಾಕೆಟ್ಟೂ ಬಗ್ಗಿದೆ" ಎಂದು ಗಾಡಿಯ ಕೆಳಗಿದ್ದವಳಿಗೆ ಹೇಳಿದ.

"ಗೊತ್ತು. ಹಳೇದು ಅದು. ಈ ಸಲ ದಪ್ಪ ತಗಡಿಂದು ಮಾಡ್ತೀನಿ" ಎಂದು ಕೆಳಗಿನಿಂದ ದನಿ ಬಂತು. "ಸೀಟೂ ಒಂದಿಷ್ಟು ಹಿಂದೆ ಸರಿಸ್ಬೇಕು."

ಅವನು ನನ್ನ ಕಡೆ ನೋಡಿ ಹುಬ್ಬೇರಿಸಿದ. "ಮಾರೋ ಗಾಡೀನ ಯಾರೂ ಹೀಗೆ ರಿಪೇರಿ ಮಾಡಲ್ಲ, ಅಲ್ವಾ?"

"ಮಾಡಲ್ಲ" ಎಂದೆ.

ಅವನು ಬೇಸರ ತೋರಿಸಲಿಲ್ಲ. ಬೆಳಕು ಇನ್ನೂ ಇತ್ತು. ಟ್ರೈಲರಿನ ಹಗ್ಗಗಳನ್ನು ಸುತ್ತಿ ಒಳಗೆ ಎಸೆದು, ಮೆಕ್ಯಾನಿಕ್ಕಿಗೆ ಕೈ ಬೀಸಿ ಹೊರಟ. ಖಾಲಿ ಟ್ರೈಲರು ಹಳೆಯ ವಿಮಾನದಾರಿಯ ಬಿರುಕುಗಳ ಮೇಲೆ ಸದ್ದು ಮಾಡುತ್ತ ಗೇಟಿನ ಕಡೆ ಹೋಯಿತು.

"ಅಪ್ಪಾ, ಅಂವಾ ಹ್ವಾದನೇನು?"

"ಹ್ವಾದ."

"ಮತ್ತ ನೋಡ್ಕೋತ ಯಾಕ ನಿಂತಿ? ಬಾಗಿ ಈ ತುದಿ ಎತ್ತಿ ಹಿಡಿ. ಗಟ್ಟಿ ಹಿಡಿ, ಟೇಪ್ ಸುತ್ತೂತನಕ ಬಿಡಬ್ಯಾಡ."